ಮಾಡು ಹಾರಿದ ಮನೆಯೂ ಸರ್ವೇಯರರ ಭೇಟಿಯೂ

ಗಾಳಿಮಳೆಗೆ ಮನೆಯ ಮಾಡು ಹಾರುವುದು ಒಂದು ಗಳಿಗೆಯ ಮಾತು. ಆ ಮಾಡಿಗೆ ವಿಮೆಯಿದ್ದರೂ ಅದರ ಹಣ ಮನೆಯವರ ಕೈಗೆ ಬರುವುದು ಮಾತ್ರ ಗಳಿಗೆಯ ಮಾತಲ್ಲ. ನಡುವೆ ಒಂದು ಬಾಗಿಲು ದಾಟಬೇಕು. ಅದು ವಿಮಾ ಕಂಪೆನಿಯು ಕಳುಹಿಸುವ ಸರ್ವೇಯರರ ಪರಿಶೀಲನೆ. ಅವರು ಬಂದು ನೋಡುತ್ತಾರೆ, ಅಳೆಯುತ್ತಾರೆ, ಬರೆದುಕೊಳ್ಳುತ್ತಾರೆ, ಹೋಗುತ್ತಾರೆ. ಅವರು ಬರೆದ ವರದಿಯ ಮೇಲೆಯೇ ಕಂಪೆನಿಯು ಕೊಡುವುದೋ ಬಿಡುವುದೋ, ಎಷ್ಟು ಕೊಡುವುದು ಎಂಬುದು ತೀರ್ಮಾನವಾಗುತ್ತದೆ.

ಈ ಪರಿಶೀಲನೆಯ ಫಲವು ಸರ್ವೇಯರರು ಬಂದ ದಿನ ನಿಶ್ಚಯವಾಗುತ್ತದೆಂದು ನಮ್ಮ ಹಳ್ಳಿಗಳಲ್ಲಿ ಎಲ್ಲರೂ ನಂಬಿದ್ದಾರೆ. ನಮ್ಮ ಅಭಿಪ್ರಾಯ ಬೇರೆ. ಗಾಳಿ ನಿಂತ ಮೊದಲ ಒಂದು ದಿನದಲ್ಲಿ ಮನೆಯವರು ಏನು ಮಾಡಿದರು, ಏನು ಮಾಡದೆ ಬಿಟ್ಟರು ಎಂಬುದರಲ್ಲಿಯೇ ಅದರ ಮುಕ್ಕಾಲು ಪಾಲು ನಿಶ್ಚಯವಾಗಿ ಹೋಗಿರುತ್ತದೆ. ಉಳಿದ ಕಾಲು ಪಾಲು, ಮಳೆಗಾಲಕ್ಕೆ ಮುಂಚೆ ಅವರು ಏನನ್ನು ಬರೆದಿಟ್ಟಿದ್ದರು ಎಂಬುದರಲ್ಲಿದೆ. ಈ ಮಾತನ್ನು ಕೃಷಿಕ ಬಂಧುಗಳ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡುವುದೇ ಈ ಬರಹದ ಉದ್ದೇಶ.

ಕಾಸರಗೋಡಿನ ಕಡೆಯ ನಮ್ಮ ಮನೆಗಳಲ್ಲಿ ಹಂಚಿನ ಮಾಡುಗಳು ಇನ್ನೂ ಬೇಕಾದಷ್ಟಿವೆ. ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಆ ಹಂಚು ಕರಾವಳಿಯ ಉದ್ದಕ್ಕೂ ಹರಡಿತು. ಹಟ್ಟಿಗೆ, ಅಡಿಕೆ ಕೂಡಿಡುವ ಕೊಟ್ಟಿಗೆಗೆ ಈಗ ತಗಡು ಇಲ್ಲವೆ ಸಿಮೆಂಟು ಶೀಟು. ಜತ್ತ, ಅಕ್ಕಲಕೋಟೆಗಳ ಕಡೆ ಮಣ್ಣಿನ ಮಾಳಿಗೆಯೂ ಪತ್ರಾಸಿನ ಮಾಡೂ ಇವೆ. ಮಾಡು ಯಾವುದೇ ಇರಲಿ, ಗಾಳಿಗೆ ಪಕ್ಷಪಾತವಿಲ್ಲ. 2021ರ ಮೇ ತಿಂಗಳಲ್ಲಿ ತೌತೆ ಚಂಡಮಾರುತವು ಕೇರಳದ ಕರಾವಳಿಯ ಹೊರಗಿನ ಕಡಲಿನಲ್ಲಿ ಹಾದುಹೋದಾಗ ಮಳೆಗಾಲ ಇನ್ನೂ ಆರಂಭವಾಗಿರಲಿಲ್ಲ ಎಂಬುದನ್ನು ನೆನೆಸಿಕೊಂಡರೆ ಸಾಕು.

ನಮ್ಮಲ್ಲಿ ಬಹಳ ಮನೆಗಳಿಗೆ ವಿಮೆ ಇರುವುದು ಮನೆಯವರು ಬಯಸಿ ಮಾಡಿಸಿದ್ದರಿಂದಲ್ಲ, ಬ್ಯಾಂಕಿನವರು ಸಾಲದ ಜೊತೆಗೆ ಮಾಡಿಸಿದ್ದರಿಂದ. ಪ್ರೀಮಿಯಮು ಸಾಲದ ಲೆಕ್ಕದಲ್ಲಿ ಕಳೆದುಹೋಗುತ್ತದೆ. ಪಾಲಿಸಿಯ ಕಾಗದ ಪೆಟ್ಟಿಗೆಯ ತಳ ಸೇರುತ್ತದೆ. ಕಾಗದ ಇಂಗ್ಲಿಷಿನಲ್ಲಿ, ಬರುವ ಸರ್ವೇಯರರ ಮಾತು ಮಲೆಯಾಳವೋ ಮರಾಠಿಯೋ ತಮಿಳೋ ತೆಲುಗೋ, ಮನೆಯ ಹಿರಿಯರಿಗೆ ಬರುವುದು ಕನ್ನಡ. ಹೀಗಿರುವಾಗ ಗಡಿಯಾಚೆಯ ಕನ್ನಡಿಗನು ಉಳಿದವರಿಗಿಂತ ಒಂದು ಹೆಜ್ಜೆ ಮುಂಚೆ ಸಿದ್ಧನಾಗಬೇಕೇ ಹೊರತು ಒಂದು ಹೆಜ್ಜೆ ತಡವಾಗಿ ಅಲ್ಲ.

ಪಾಲಿಸಿ ಏನು ಹೇಳುತ್ತದೆ

2021ರ ಏಪ್ರಿಲ್ 1ರಿಂದ ನಮ್ಮ ದೇಶದ ಸಾಮಾನ್ಯ ವಿಮಾ ಕಂಪೆನಿಗಳು ವಾಸದ ಮನೆಗೆ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು ಕಟ್ಟುಮಾಡಿದೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ನೆರೆ, ಗುಡ್ಡ ಕುಸಿತ, ಇವೆಲ್ಲ ಅದರಲ್ಲಿ ಸೇರಿವೆ. ಹೊರಗಿನ ವಸ್ತು ಬಡಿದು ಆಗುವ ಹಾನಿಯೂ ಸೇರಿದೆ; ಬೀಳುವ ಮರದ ಹೆಸರನ್ನು ಅಲ್ಲಿಯೇ ಹೇಳಿದೆ. ತೆಂಗಿನ ಮರ ಮಾಡಿನ ಮೇಲೆ ಮುರಿದು ಬಿದ್ದರೆ ಅದು ದೈವದ ಮುನಿಸು ಎಂದು ಸುಮ್ಮನಿರಬೇಕಾದುದಿಲ್ಲ.

ಸೇರದ ವಿಷಯಗಳೂ ಇವೆ. ಕಾಲಕ್ರಮದ ಸವಕಳಿಗೆ ವಿಮೆಯಿಲ್ಲ. ಗೆದ್ದಲು ತಿಂದ ಪಕ್ಕಾಸು, ವರ್ಷಗಟ್ಟಲೆ ಸೋರಿ ಕೊಳೆತ ರೀಪು, ಇವು ಗಾಳಿಯ ಲೆಕ್ಕಕ್ಕೆ ಬರುವುದಿಲ್ಲ. ನೆಲ ಕುಸಿತದ ಕಲಮಿನಲ್ಲಿ ಕಡಲ್ಕೊರೆತವನ್ನೂ ಹೊಳೆಯ ಕೊರೆತವನ್ನೂ ಹೊರಗಿಟ್ಟಿದ್ದಾರೆ. ಕಡಲ ಬದಿಯ ಬಂಧುಗಳು ಇದನ್ನು ತಿಳಿದಿರಬೇಕು. ಹಟ್ಟಿ, ಅಡಿಕೆ ಕೊಟ್ಟಿಗೆ, ಪಂಪಿನ ಶೆಡ್ಡು ಮೊದಲಾದವು ವಾಸದ ಮನೆಯ ಪಾಲಿಸಿಯೊಳಗೆ ತಾನಾಗಿ ಬಂದಿವೆ ಎಂದು ಭಾವಿಸದೆ ಕೇಳಿ ಬರೆಯಿಸಿಕೊಳ್ಳತಕ್ಕದ್ದು. ಮನೆಯ ವಿಸ್ತೀರ್ಣವನ್ನೂ ಸರಿಯಾಗಿ ಹೇಳಿರಬೇಕು. ಆಮೇಲೆ ಕಟ್ಟಿದ ಚಾವಡಿ, ಇಳಿಸಿದ ಜಗಲಿ ಪಾಲಿಸಿಯಲ್ಲಿ ಇಲ್ಲದಿದ್ದರೆ ತಕರಾರಿಗೆ ನಾವೇ ಬೀಜ ಬಿತ್ತಿದಂತೆ.

ಮೊದಲ ದಿನದ ಎರಡು ತಪ್ಪು ದಾರಿ

ಮಾಡು ಹಾರಿದ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಜನರನ್ನು ಕಾಣುತ್ತೇವೆ. ಮೊದಲನೆಯವರು ಚುರುಕಿನವರು. ಬೆಳಗಾಗುವುದರೊಳಗೆ ಒಡೆದ ಹಂಚನ್ನೆಲ್ಲ ಗುಡಿಸಿ ಹೊಂಡಕ್ಕೆ ಹಾಕಿ, ಮುರಿದ ಪಕ್ಕಾಸನ್ನು ಒಲೆಗೆ ಕೊಟ್ಟು, ಮೇಸ್ತ್ರಿಯನ್ನು ಕರೆದು ಹೊಸ ಹಂಚು ಹೊದಿಸಿಬಿಡುತ್ತಾರೆ. ನಾಲ್ಕು ದಿನ ಕಳೆದು ಸರ್ವೇಯರರು ಬಂದಾಗ ತೋರಿಸಲು ಉಳಿದದ್ದು ಬಾಯಿಮಾತು ಮಾತ್ರ. ಎರಡನೆಯವರು ಹೆದರಿಕೆಯವರು. "ಸಾಯಿಬರು ಬರುವ ತನಕ ಒಂದು ಕಡ್ಡಿಯನ್ನೂ ಮುಟ್ಟಬಾರದಂತೆ" ಎಂದು ಯಾರೋ ಹೇಳಿದ್ದನ್ನು ನಂಬಿ ತೆರೆದ ಮಾಡನ್ನು ಹಾಗೆಯೇ ಬಿಡುತ್ತಾರೆ. ಮಳೆ ಒಳಗೆ ಸುರಿದು ಗೋಡೆ ನೆನೆಯುತ್ತದೆ, ಅಕ್ಕಿ ಮುಡಿ ಹಾಳಾಗುತ್ತದೆ, ಸುಲಿದಿಟ್ಟ ಅಡಿಕೆಗೆ ಬೂಷ್ಟು ಹಿಡಿಯುತ್ತದೆ. ತಡೆಯಬಹುದಾಗಿದ್ದ ಹಾನಿಯನ್ನು ತಡೆಯಲಿಲ್ಲ ಎಂದು ಕಂಪೆನಿಯು ಆಮೇಲಿನ ನಷ್ಟವನ್ನು ಕಳೆಯಲು ಅದೇ ಕಾರಣವಾಗುತ್ತದೆ. ವಿಮೆ ಇಲ್ಲದವನು ತನ್ನ ಸೊತ್ತನ್ನು ಹೇಗೆ ಕಾಪಾಡಿಕೊಳ್ಳುತ್ತಿದ್ದನೋ ವಿಮೆಯಿದ್ದವನೂ ಹಾಗೆಯೇ ಕಾಪಾಡಿಕೊಳ್ಳಬೇಕು ಎಂಬುದು ವಿಮೆಯ ಹಳೆಯ ನಿಯಮ.

ಸರಿಯಾದ ದಾರಿ ಇವೆರಡರ ನಡುವೆ ಇದೆ. ಮೊದಲು ಚಿತ್ರ, ಆಮೇಲೆ ಹೊದಿಕೆ, ಕಡೆಗೆ ದುರಸ್ತಿ. ಈ ಮೂರರ ಅನುಕ್ರಮ ತಪ್ಪಬಾರದು.

ಗಾಳಿ ನಿಂತೊಡನೆ ಮೊದಲು ನೋಡತಕ್ಕದ್ದು ವಿದ್ಯುತ್ ತಂತಿ. ತಂತಿ ಕಡಿದು ಬಿದ್ದಿದ್ದರೆ ವಿದ್ಯುತ್ ಕಛೇರಿಗೆ ತಿಳಿಸಿ, ಅವರು ಬರುವ ತನಕ ಯಾರೂ ಹತ್ತಿರ ಹೋಗಬಾರದು. ಒದ್ದೆ ಹಂಚಿನ ಮೇಲೆ, ಬಿರುಕು ಬಿಟ್ಟ ಸಿಮೆಂಟು ಶೀಟಿನ ಮೇಲೆ ಚಿತ್ರಕ್ಕೆಂದು ಹತ್ತಬೇಡಿರಿ. ಮಾಡಿಗಿಂತ ಪ್ರಾಣ ದೊಡ್ಡದು. ಅಂಗಳದಲ್ಲಿ ನಿಂತು ಮನೆಯ ನಾಲ್ಕು ಮಗ್ಗುಲಿನಿಂದಲೂ ಚಿತ್ರ ತೆಗೆಯಿರಿ. ಒಳಗಿನಿಂದ ಆಕಾಶ ಕಾಣುವ ಜಾಗ, ನೆನೆದ ಗೋಡೆ, ಬಿದ್ದ ಮರದ ಬುಡ, ತುದಿ ಎರಡೂ ಚಿತ್ರದಲ್ಲಿ ಬರಲಿ. ದೂರದಿಂದ ಒಂದು, ಹತ್ತಿರದಿಂದ ಒಂದು. ಇಂದು ಮೊಬೈಲಿಲ್ಲದ ಮನೆ ವಿರಳ. ಅದರಲ್ಲಿ ತಾರೀಕೂ ಗಂಟೆಯೂ ತಾವಾಗಿ ದಾಖಲಾಗುತ್ತವೆ.

ಅದೇ ದಿನ ಕಂಪೆನಿಗೆ ಸುದ್ದಿ ಮುಟ್ಟಿಸಬೇಕು. ಫೋನಿನಲ್ಲಿ ಹೇಳಿದರೆ ಅವರು ಕೊಡುವ ಕ್ಲೇಮು ನಂಬರನ್ನು ಬರೆದುಕೊಳ್ಳಿರಿ. ಫೋನು ಮಾಡಿದ್ದಕ್ಕೆ ಸಾಕ್ಷಿ ಕಡಿಮೆ. ಆದುದರಿಂದ ಒಂದು ಕಾಗದವನ್ನೂ ಕಳುಹಿಸಿ ಅದರ ನಕಲು ಇಟ್ಟುಕೊಳ್ಳಿರಿ. ಸಾಲವಿದ್ದರೆ ಬ್ಯಾಂಕಿಗೂ ತಿಳಿಸಬೇಕು. ಪಾಲಿಸಿಯಲ್ಲಿ ಬ್ಯಾಂಕಿನ ಷರತ್ತು ಇದ್ದರೆ ಪರಿಹಾರದ ಹಣ ಮೊದಲು ಹೋಗುವುದು ಅಲ್ಲಿಗೇ.

ಇಷ್ಟಾದ ಮೇಲೆ ಟಾರ್ಪಾಲು ಎಳೆಯಿರಿ, ಮಡಲು ಹೊದಿಸಿರಿ. ಟಾರ್ಪಾಲಿಗೂ ಆಳಿನ ಕೂಲಿಗೂ ಚೀಟಿ ತೆಗೆದುಕೊಂಡು ಕ್ಲೇಮಿನ ಜೊತೆಗೆ ಇಡಿರಿ. ಒಡೆದ ಹಂಚು, ಮುರಿದ ಮರ, ಮಡಚಿದ ತಗಡು ಒಂದನ್ನೂ ಎಸೆಯದೆ ಅಂಗಳದ ಮೂಲೆಯಲ್ಲಿ ರಾಶಿ ಹಾಕಿರಿ. ಆ ರಾಶಿಯೇ ನಿಮ್ಮ ಮೊದಲ ಸಾಕ್ಷಿ. ಒಡೆದ ಹಂಚು ಸುಳ್ಳು ಹೇಳುವುದಿಲ್ಲ: ಹೊಸದಾಗಿ ಒಡೆದ ಅಂಚು ಕೆಂಪಗೆ ಚೊಕ್ಕಟವಾಗಿರುತ್ತದೆ, ಹಳೆಯ ಒಡಕಿನಲ್ಲಿ ಕರಿಯೂ ಪಾಚಿಯೂ ಕಟ್ಟಿರುತ್ತದೆ. ಮುರಿದ ಪಕ್ಕಾಸಿನ ಬಣ್ಣವೂ ಹಾಗೆಯೇ. ಸರ್ವೇಯರರು ಓದುವುದು ಇದನ್ನೇ.

ಲೆಕ್ಕ, ಕಾಗದ

ಸರ್ವೇಯರರು ಬರುವ ಮೊದಲು ನಿಮ್ಮದೇ ಒಂದು ಲೆಕ್ಕ ಇರಬೇಕು. ಮಾಡಿನ ಯಾವ ಮಗ್ಗುಲು, ಎಷ್ಟು ಉದ್ದ, ಎಷ್ಟು ಅಗಲ ಹೋಗಿದೆ ಎಂದು ಅಳೆದು ಬರೆಯಿರಿ. ನೂರು ಚದರಡಿ ಮಾಡಿಗೆ ಸುಮಾರು ನೂರೈವತ್ತು ಮಂಗಳೂರು ಹಂಚು ಬೇಕಾಗುವುದರಿಂದ ಹಂಚಿನ ಲೆಕ್ಕವನ್ನು ಅಳತೆಯೊಡನೆ ತಾಳೆ ನೋಡಬಹುದು. ಇನ್ನೂರು ಚದರಡಿ ಹಾರಿದಲ್ಲಿ ಸಾವಿರ ಹಂಚು ಹೋಯಿತೆಂದು ಬರೆದರೆ ನೋಡಿದವರು ನಗುತ್ತಾರೆ. ಪಕ್ಕಾಸು ಎಷ್ಟು, ರೀಪು ಎಷ್ಟು ಅಡಿ, ಮಾಡಿನ ನೆತ್ತಿಯ ಹಂಚು ಎಷ್ಟು ಎಂದು ಬೇರೆ ಬೇರೆಯಾಗಿ ಬರೆಯಬೇಕು. ಆಚಾರಿಯಿಂದ ಮರದ ಕೆಲಸಕ್ಕೂ ಮೇಸ್ತ್ರಿಯಿಂದ ಹಂಚಿನ ಕೆಲಸಕ್ಕೂ ಅಂದಾಜು ಪಟ್ಟಿ ಬರೆಯಿಸಿ ರುಜು ಹಾಕಿಸಿಕೊಳ್ಳಿರಿ. ಸಾಮಾನಿನ ದರವೂ ಕೂಲಿಯೂ ಬೇರೆ ಬೇರೆ ಕಾಣಬೇಕು.

ಜೊತೆಗೆ ಇಡತಕ್ಕ ಕಾಗದಗಳು: ಪಾಲಿಸಿ, ಮನೆಯ ತೆರಿಗೆ ರಶೀದಿ, ಗುರುತಿನ ಚೀಟಿ, ಬ್ಯಾಂಕಿನ ಪುಸ್ತಕ, ಹಳೆಯ ದುರಸ್ತಿಯ ಚೀಟಿಗಳು, ಮನೆಯ ಹಿಂದಿನ ಚಿತ್ರಗಳು. ಮದುವೆ, ಗೃಹಪ್ರವೇಶಗಳ ಚಿತ್ರಗಳ ಹಿನ್ನೆಲೆಯಲ್ಲಿ ಮಾಡು ಗಟ್ಟಿಯಾಗಿ ಕಂಡರೆ ಅದೂ ಸಾಕ್ಷಿಯೇ. ಆ ದಿನ ಗಾಳಿ ಬೀಸಿದ ಸುದ್ದಿ ಬಂದ ಪತ್ರಿಕೆಯನ್ನು ಕಾದಿಡಿರಿ. ಕೇರಳದಲ್ಲಾದರೆ ವಿಲೇಜ್ ಆಫೀಸು, ತಮಿಳುನಾಡಿನಲ್ಲಿ ವಿ.ಎ.ಓ., ಮಹಾರಾಷ್ಟ್ರದಲ್ಲಿ ಜನರು ತಲಾಠಿ ಎಂದೇ ಕರೆಯುವ ಅಧಿಕಾರಿ, ಹೀಗೆ ಆಯಾ ಊರಿನ ಕಂದಾಯ ಕಛೇರಿಗೆ ಅರ್ಜಿ ಕೊಟ್ಟು ಹಾನಿಯನ್ನು ದಾಖಲು ಮಾಡಿಸಿರಿ.

ಈ ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಲು ಅಳುಕಬೇಕಾಗಿಲ್ಲ. ಕುಂದುಕೊರತೆಯ ನಿವಾರಣೆಗಾಗಿ ಒಕ್ಕೂಟದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ ಆ ಒಕ್ಕೂಟದಲ್ಲಿ ಇಲ್ಲವೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಆದರೆ ಖಾಸಗಿ ವಿಮಾ ಕಂಪೆನಿ ಸರಕಾರಿ ಕಛೇರಿಯಲ್ಲ. ಅಲ್ಲಿಗೆ ಹೋಗುವ ಕಾಗದವನ್ನು ಕನ್ನಡದಲ್ಲಿ ಬರೆದು, ಕೆಳಗೆ ಇಂಗ್ಲಿಷಿನಲ್ಲೋ ರಾಜ್ಯದ ಭಾಷೆಯಲ್ಲೋ ಅದರ ಸಾರಾಂಶವನ್ನು ಶಾಲೆಗೆ ಹೋಗುವ ಮಕ್ಕಳಿಂದ ಬರೆಯಿಸುವುದು ಜಾಣತನ. ಹಕ್ಕಿನ ಮಾತು ಹಕ್ಕಿನ ಜಾಗದಲ್ಲಿ, ಕೆಲಸದ ಮಾತು ಕೆಲಸದ ಜಾಗದಲ್ಲಿ.

ಭೇಟಿಯ ದಿನ

ಸರ್ವೇಯರರು ಬರುವ ದಿನ ಮನೆಯ ಯಜಮಾನರೋ ಯಜಮಾನತಿಯೋ ಮನೆಯಲ್ಲಿರಬೇಕು. ಅವರಾಡುವ ಭಾಷೆ ಬಲ್ಲ ನೆರೆಯವರೊಬ್ಬರು ಜೊತೆಗಿರಲಿ. ಮೇಸ್ತ್ರಿಯಿದ್ದರೆ ಇನ್ನೂ ಒಳ್ಳೆಯದು. ಬಂದವರ ಹೆಸರು, ಪರವಾನಗಿ ನಂಬರು, ಬಂದ ಗಂಟೆ ಬರೆದುಕೊಳ್ಳಿರಿ. ಒಂದು ಲೋಟ ಮಜ್ಜಿಗೆ, ಒಂದು ಎಳನೀರು ಕೊಡುವುದು ನಮ್ಮ ಮನೆಗಳ ಮರ್ಯಾದೆ. ಅದಕ್ಕಿಂತ ಹೆಚ್ಚಿನದು ಬೇಡ. ಅವರ ಶುಲ್ಕವನ್ನು ಕೊಡತಕ್ಕವರು ಕಂಪೆನಿಯವರು, ಮನೆಯವರಲ್ಲ.

ಅವರನ್ನು ಮೊದಲು ಅಂಗಳದ ಸುತ್ತ ಕರೆದೊಯ್ದು ಆಮೇಲೆ ಒಳಗೆ ತೋರಿಸಿರಿ. ಕಾಗದಗಳ ಒಂದು ಪ್ರತಿಯನ್ನು ಪಟ್ಟಿ ಸಮೇತ ಕೊಟ್ಟು, ಮುಟ್ಟಿದ್ದಕ್ಕೆ ನಿಮ್ಮ ಪ್ರತಿಯಲ್ಲಿ ರುಜು ಪಡೆಯಿರಿ. ಮೂಲಪತ್ರಗಳನ್ನು ಕೈಬಿಡಬೇಡಿರಿ. ಓದಲು ಬಾರದ ಭಾಷೆಯ ಕಾಗದಕ್ಕೆ ರುಜು ಕೇಳಿದರೆ ಓದಿ ಹೇಳಿಸಿಕೊಳ್ಳಿರಿ. ಯಾರು ಓದಿ ಹೇಳಿದರು ಎಂಬುದನ್ನು ಕನ್ನಡದಲ್ಲಿ ಬರೆದು ಅದರ ಕೆಳಗೆ ಕನ್ನಡದಲ್ಲಿಯೇ ರುಜು ಹಾಕಿರಿ. ಬರಿಯ ಹಾಳೆಗೆ, ಮೊತ್ತ ತುಂಬದ ಒಪ್ಪಿಗೆ ಚೀಟಿಗೆ ಎಂದಿಗೂ ರುಜು ಹಾಕಕೂಡದು.

ಇಲ್ಲಿ ಒಂದು ಖಾರವಾದ ಮಾತನ್ನೂ ಹೇಳಬೇಕಾಗಿದೆ. "ಹೇಗೂ ಕಂಪೆನಿಯವರು ಅರ್ಧ ಕಳೆಯುತ್ತಾರೆ, ನಾವು ಎರಡರಷ್ಟು ಬರೆಯೋಣ" ಎಂದು ಬುದ್ಧಿ ಹೇಳುವವರು ಎಲ್ಲ ಊರಿನಲ್ಲಿಯೂ ಇದ್ದಾರೆ. ಮೊದಲೇ ಒಡೆದಿದ್ದ ಹಂಚನ್ನು ರಾಶಿಗೆ ಸೇರಿಸುವುದು, ಪಕ್ಕದ ಮನೆಯ ಮುರುಕು ಪಕ್ಕಾಸು ತಂದಿಡುವುದು, ಇಲ್ಲದ ಅಂಗಡಿಯ ಚೀಟಿ ಬರೆಯಿಸುವುದು, ಇವೆಲ್ಲ ಆ ಬುದ್ಧಿಯ ಫಲ. ವಂಚನೆ ಕಂಡರೆ ಇಡೀ ಕ್ಲೇಮನ್ನೇ ತಳ್ಳಿಹಾಕುವ ಷರತ್ತು ಪಾಲಿಸಿಯಲ್ಲಿದೆ. ನೂರು ಹಂಚಿನ ಆಸೆಗೆ ಇಡೀ ಮಾಡಿನ ಹಣ ಹೋಗುತ್ತದೆ. ಅದಕ್ಕಿಂತ ಹೆಚ್ಚಿನ ನಷ್ಟವೆಂದರೆ, ಒಬ್ಬನ ಸುಳ್ಳು ಕಂಡ ಸರ್ವೇಯರರು ಆ ಊರಿನ ಮುಂದಿನ ಹತ್ತು ಮನೆಗಳನ್ನು ಸಂಶಯದ ಕಣ್ಣಿನಿಂದಲೇ ನೋಡುತ್ತಾರೆ. ಒಂದು ಮೂಲೆಯಲ್ಲಿ ಮುಂಚೆಯೇ ಸೋರುತ್ತಿತ್ತೆ? "ಈ ಮೂಲೆ ಹಳೆಯದು, ಆ ಮಗ್ಗುಲು ಗಾಳಿಗೆ ಹೋದದ್ದು" ಎಂದು ತಾವಾಗಿ ಹೇಳಿಬಿಡಿರಿ. ಹಳೆಯದನ್ನು ಹಳೆಯದೆಂದು ಒಪ್ಪುವವನ ಹೊಸ ಲೆಕ್ಕಕ್ಕೆ ಬೆಲೆ ಹೆಚ್ಚು.

ಕಂಪೆನಿ ಕೊಡುವುದಿಲ್ಲ ಎಂಬ ಮಾತು

"ಇಷ್ಟೆಲ್ಲ ಮಾಡಿ ಏನು ಫಲ? ಕೊಡುವವರು ಅವರು, ಅಲೆಯುವವರು ನಾವು" ಎಂದು ಕೇಳುವವರಿದ್ದಾರೆ. ಈ ಬೇಸರ ನಿರಾಧಾರವಲ್ಲ. ತಳ್ಳಿಹಾಕಿದ ಕ್ಲೇಮುಗಳು, ಅಲೆದಾಡಿಸಿದ ಕ್ಲೇಮುಗಳು ಉಂಟು. ಆದರೆ ಬೇಸರದಿಂದ ಕೈಕಟ್ಟಿ ಕುಳಿತವನಿಗೆ ಯಾವ ಕಾನೂನೂ ನೆರವಾಗುವುದಿಲ್ಲ. 2024ರ ಜೂನಿನಲ್ಲಿ ವಿಮಾ ಪ್ರಾಧಿಕಾರವು ಹೊರಡಿಸಿದ ಸುತ್ತೋಲೆಯಂತೆ, ಕ್ಲೇಮು ತಿಳಿಸಿದ 24 ಗಂಟೆಗಳಲ್ಲಿ ಸರ್ವೇಯರರನ್ನು ನೇಮಿಸಬೇಕು. ಅವರು 15 ದಿನಗಳಲ್ಲಿ ವರದಿ ಕೊಡಬೇಕು. ವರದಿ ಬಂದ 7 ದಿನಗಳಲ್ಲಿ ಕಂಪೆನಿ ತೀರ್ಮಾನ ಹೇಳಬೇಕು. ಕಾಗದ ಸಾಲದು ಎಂಬ ಒಂದೇ ಕಾರಣಕ್ಕೆ ಕ್ಲೇಮನ್ನು ತಳ್ಳಿಹಾಕಬಾರದೆಂದೂ ಅದರಲ್ಲಿದೆ. ಸರ್ವೇಯರರ ವರದಿಯ ಪ್ರತಿಯನ್ನು ನೀವು ಕೇಳಿ ಪಡೆಯಬಹುದು. ಆದರೆ ಈ ದಿನಗಳನ್ನು ಎಣಿಸಬೇಕಾದರೆ ನೀವು ಯಾವ ತಾರೀಕಿಗೆ ತಿಳಿಸಿದಿರಿ ಎಂಬುದಕ್ಕೆ ಬರಹ ಬೇಡವೆ?

ತೀರ್ಮಾನ ನ್ಯಾಯವಲ್ಲವೆಂದು ಕಂಡರೆ ಮೊದಲು ಕಂಪೆನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ನರ ಬಳಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಕಾಸರಗೋಡು, ವಯನಾಡಿನವರಿಗೆ ಕೊಚ್ಚಿ, ನೀಲಗಿರಿ, ತಾಳವಾಡಿ, ಹೊಸೂರಿನವರಿಗೆ ಚೆನ್ನೈ, ಸೊಲ್ಲಾಪುರ, ಅಕ್ಕಲಕೋಟೆ, ಜತ್ತದವರಿಗೆ ಪುಣೆ, ಆದವಾನಿ, ರಾಯದುರ್ಗ, ಮಡಕಶಿರದವರಿಗೂ ತೆಲಂಗಾಣದವರಿಗೂ ಹೈದರಾಬಾದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುಗಾರನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೂ ದಾವೆ ಹೂಡಬಹುದು. ಕಂಪೆನಿಯ ಕಛೇರಿ ಇರುವ ದೊಡ್ಡ ಪಟ್ಟಣಕ್ಕೆ ಅಲೆಯಬೇಕೆಂದಿಲ್ಲ.

ಸರಕಾರದ ಪರಿಹಾರವೆಂಬುದು ಬೇರೆ ದಾರಿ. ಎರಡನ್ನೂ ಬೆರೆಸಬಾರದು, ಒಂದನ್ನು ನಂಬಿ ಇನ್ನೊಂದನ್ನು ಬಿಡಲೂ ಬಾರದು. 2022ರಿಂದ 2026ರ ಮಾರ್ಚಿನ ತನಕದ ಅವಧಿಗೆ ಕೇಂದ್ರವು ಗೊತ್ತುಮಾಡಿದ ದರದಲ್ಲಿ, ಶೇಕಡಾ 15ಕ್ಕೆ ಕಡಿಮೆಯಿಲ್ಲದಷ್ಟು ಭಾಗ ಹಾಳಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ ಇತ್ತು. ಇಂದಿನ ಮರದ ಬೆಲೆ, ಆಳಿನ ಕೂಲಿ ಬಲ್ಲವರಿಗೆ ಇಷ್ಟು ಹಣದಲ್ಲಿ ಮಾಡಿನ ಎಷ್ಟು ಭಾಗ ಎದ್ದೀತೆಂದು ಹೇಳಬೇಕಾಗಿಲ್ಲ. ಆ ನೆರವು ಬೇಕು, ಅದೊಂದೇ ಸಾಲದು. ವಿಮೆಯ ಹಣವನ್ನು ಬಿಟ್ಟುಕೊಡಬಾರದೆಂದು ನಾವು ಒತ್ತಿ ಹೇಳುವುದು ಇದಕ್ಕಾಗಿಯೇ.

ಸಂಘಗಳಿಗೆ ಒಂದು ಸೂಚನೆ

ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ನಮ್ಮ ಹಳೆಯ ರೋಗ. ಇದಕ್ಕೆ ಮದ್ದು ಕಷ್ಟದ್ದಲ್ಲ. ನಮ್ಮ ಊರುಗಳಲ್ಲಿ ಯುವಕ ಸಂಘ, ಮಹಿಳಾ ಮಂಡಲ, ಸಹಕಾರಿ ಸಂಘಗಳಿಗೆ ಕೊರತೆಯಿಲ್ಲ. ಪ್ರತಿ ವರ್ಷ ಮೇ ತಿಂಗಳ ಮೊದಲ ಭಾನುವಾರ ಸಂಘದ ಮಕ್ಕಳು ಮನೆಮನೆಗೆ ಹೋಗಿ ಮಾಡಿನ ಚಿತ್ರ ತೆಗೆಯಲಿ. ಪಾಲಿಸಿಯ ನಂಬರು, ಮುಗಿಯುವ ತಾರೀಕು, ಕಂಪೆನಿಯ ಫೋನು ನಂಬರು, ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಬಾಗಿಲಿನ ಹಿಂದೆ ಅಂಟಿಸಲಿ. ಪೆಟ್ಟಿಗೆಯ ತಳದ ಇಂಗ್ಲಿಷು ಪಾಲಿಸಿಯನ್ನು ಒಮ್ಮೆ ಹಿರಿಯರಿಗೆ ಓದಿ ಹೇಳಲಿ. ಹಾಗೆ ಓದಿದಾಗ ಅರ್ಧ ಮನೆಗಳಲ್ಲಿ ಪಾಲಿಸಿಯ ಅವಧಿಯೇ ಮುಗಿದಿದೆಯೆಂದು ತಿಳಿದುಬಂದರೆ ಅದೂ ಒಂದು ಲಾಭವೇ. ಮಳೆಗೆ ಇನ್ನೂ ಒಂದು ತಿಂಗಳಿರುತ್ತದಷ್ಟೆ.

ಹರಕು ಹಂಚನ್ನು ಬದಲಿಸಿ, ಮಾಡಿನ ಮೇಲೆ ಬಾಗಿದ ಕೊಂಬೆಯನ್ನು ಕಡಿಸಿ, ತಗಡಿನ ಕೊಕ್ಕೆಗಳನ್ನು ಬಿಗಿಮಾಡಿಸಿ ಆ ಚೀಟಿಗಳನ್ನೂ ಕಾದಿಡಬೇಕು. ಮಾಡನ್ನು ಚೆನ್ನಾಗಿ ನೋಡಿಕೊಂಡ ಮನೆಯವನು ಸರ್ವೇಯರರ ಮುಂದೆ ತಲೆಯೆತ್ತಿ ನಿಲ್ಲಬಲ್ಲನು. ನಮ್ಮ ಮಾತು ಅವರಿಗೆ ತಿಳಿಯದಿರಬಹುದು. ಅಳತೆ, ತಾರೀಕು, ಚಿತ್ರ, ರಶೀದಿ, ಇವು ಯಾವ ರಾಜ್ಯದಲ್ಲಿಯೂ ಯಾವ ಭಾಷೆಯವರಿಗೂ ತಿಳಿಯುತ್ತವೆ. ಅವನ್ನು ಕೂಡಿಡುವ ಕೆಲಸ ನಮ್ಮದು, ಅದಕ್ಕೆ ತಕ್ಕ ಕಾಲ ಮಳೆ ಬರುವ ಮುಂಚಿನ ಈ ನಾಲ್ಕು ವಾರ.